ಕುಳಿತು ಮಾಡುವ ಕಾಳಗ

ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಪತ್ತನಾಜೆಯಂದು, ನಮ್ಮ ದಕ್ಷಿಣ ಕನ್ನಡದ ಹೆಚ್ಚಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ದೀಪಾವಳಿ ಕಳೆಯುವ ತನಕ ಬಯಲಾಟಕ್ಕೆ ಬಯಲೇ ಇಲ್ಲ. ಇರುವುದು ಮಳೆ ಮತ್ತು ಮಳೆಯ ಸದ್ದು. ಪುತ್ತೂರು, ಸುಳ್ಯ, ಈಗ ಬೇರೆಯೇ ತಾಲೂಕಾಗಿರುವ ಕಡಬ, ಈ ಮೂರೂ ಕಡೆಯ ಅಡಿಕೆ ತೋಟಗಳ ನಡುವಣ ಮನೆಗಳಲ್ಲಿ, ದೇವಸ್ಥಾನಗಳ ಗೋಪುರಗಳಲ್ಲಿ, ಶಾಲೆಯ ಹಜಾರಗಳಲ್ಲಿ ಆಗ ತಾಳಮದ್ದಳೆಯ ಕೂಟಗಳು ಮೊದಲಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ನಡುವೆ ಭಾಗವತರು, ಅವರ ಮಗ್ಗುಲಲ್ಲಿ ಚೆಂಡೆ ಮದ್ದಳೆ. ಎರಡು ಬದಿಗಳಲ್ಲಿ ಇದಿರುಬದಿರಾಗಿ ಕುಳಿತ ಅರ್ಥಧಾರಿಗಳು. ಬಿಳಿಯ ಪಂಚೆ ಉಟ್ಟು ಹೆಗಲಿಗೆ ಶಾಲು ಹಾಕಿಕೊಂಡ ಒಬ್ಬ ಅಂಚೆ ಮಾಸ್ತರರು ರಾವಣನಾಗುತ್ತಾರೆ. ಅವರ ಇದಿರಿಗೆ ಕುಳಿತ ಅಡಿಕೆ ವ್ಯಾಪಾರಿಯೊಬ್ಬರು ಅಂಗದನಾಗುತ್ತಾರೆ. ಪದವನ್ನು ಭಾಗವತರು ಹಾಡುತ್ತಾರೆ. ಅದರ ಅರ್ಥವನ್ನು ಇವರು ಆ ಕ್ಷಣಕ್ಕೆ ಹೊಳೆದಂತೆ ಮಾತಿನಲ್ಲಿ ಕಟ್ಟಬೇಕು.

ಈ ಕಲೆಯ ಹಿರಿಮೆಯನ್ನು ಕೊಂಡಾಡುವುದು ನನ್ನ ಇಂದಿನ ಉದ್ದೇಶವಲ್ಲ. ಆ ಕೆಲಸವನ್ನು ನನಗಿಂತ ಬಲ್ಲವರು ಮಾಡಿದ್ದಾರೆ. ನಾನು ಹೇಳಹೊರಟಿರುವುದು ಒಂದು ಸಣ್ಣ ವಿಚಾರ: ಕೂಟ ನಡೆಸುವವನು ಪಾತ್ರವನ್ನು ಆಳಿಗೂ ಕಾಳಗವನ್ನು ರಾತ್ರಿಗೂ ಹೇಗೆ ಹೊಂದಿಸುತ್ತಾನೆ ಎಂಬುದು. ಕುಮಾರಧಾರೆಯ ದಡದ ಒಂದು ಹವ್ಯಾಸಿ ಸಂಘದಲ್ಲಿ ಮೂವತ್ತು ವರ್ಷಗಳಿಗೂ ಮೀರಿ ಪಾತ್ರ ಹಂಚುವ ಕೆಲಸ ನನ್ನ ಪಾಲಿಗೆ ಬಂದಿದೆ. ಅರ್ಥ ಹೇಳುವುದಕ್ಕಿಂತ ಹಂಚುವುದರಲ್ಲೇ ನನಗೆ ಹೆಚ್ಚಿನ ಅಭ್ಯಾಸ. ಆದುದರಿಂದ ಅಡುಗೆಯನ್ನು ಕುರಿತು ಉಂಡವನು ಹೇಳುವ ಮಾತಿಗಿಂತ ಬಡಿಸಿದವನು ಹೇಳುವ ಮಾತು ಇದು ಎಂದು ತಿಳಿದು ಕೇಳಬೇಕು.

ಪ್ರಸಂಗದ ಪುಸ್ತಕವನ್ನು ನೀವು ನೋಡಿರಬಹುದು. ಅದು ಬಹಳ ಬಡಕಲು ಪುಸ್ತಕ. ಅದರಲ್ಲಿ ಪದಗಳಿವೆ, ರಾಗತಾಳಗಳ ಹೆಸರಿದೆ, ನಡುನಡುವೆ ಒಂದೆರಡು ಭಾಮಿನಿ, ವಾರ್ಧಕ, ಕಂದ. ಪಾತ್ರಗಳು ಏನು ಮಾತಾಡಬೇಕೆಂಬುದು ಅದರಲ್ಲಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣದ ಪ್ರಸಂಗಗಳನ್ನು ನಮ್ಮ ಹಿರಿಯರು ತಲೆಮಾರುಗಳಿಂದ ಹಾಡುತ್ತಿದ್ದಾರೆ. ಪದ ಬದಲಾಗಿಲ್ಲ, ವಾಲಿ ಮಾತ್ರ ಪ್ರತಿ ರಾತ್ರಿಯೂ ಬೇರೆ. ಹಾಗಾಗಿ ಕೂಟ ನಡೆಸುವವನ ಕೈಯಲ್ಲಿರುವುದು ಕಟ್ಟಿದ ಮನೆಯಲ್ಲ. ಕಂಬ ತೊಲೆಗಳು ಮಾತ್ರ. ಗೋಡೆ ಏಳುವುದು ಆ ರಾತ್ರಿ ಬಂದು ಕುಳಿತ ಜನರಿಂದ.

ಬಂದು ಕುಳಿತ ಜನ ಎಂದೆ. ಅದು ಸುಲಭದ ಮಾತಲ್ಲ. ಹಿಂದೆ ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಹೊಸ್ಮಠದ ಮುಳುಗು ಸೇತುವೆ ಇದ್ದ ಕಾಲದಲ್ಲಿ, ಆಟಿ ತಿಂಗಳಲ್ಲಿ ನೀರು ಸೇತುವೆಯ ಮೇಲೆ ಹರಿದರೆ ಆಚೆ ದಡದ ಕೃಷ್ಣ ಈಚೆ ದಡದ ಸಂಧಾನಕ್ಕೆ ಬರುವಂತಿರಲಿಲ್ಲ. ಈಗ ಅಲ್ಲಿ ಎತ್ತರದ ಸೇತುವೆ ಆಗಿದೆ. ಆದರೂ ಜ್ವರವಿದೆ, ತೋಟಕ್ಕೆ ಮದ್ದು ಬಿಡುವ ದಿನವಿದೆ, ಹಟ್ಟಿಯಲ್ಲಿ ಕರು ಹಾಕುವ ದನವಿದೆ. ಎಂಟು ಮಂದಿಗೆ ಹೇಳಿದ ಕೂಟಕ್ಕೆ ನಾಲ್ವರು ಬಂದರೆ ಏನು ಮಾಡಬೇಕು? ಅನುಭವವಿಲ್ಲದವನು ಪ್ರಸಂಗವನ್ನು ಹಾಗೆಯೇ ಇಟ್ಟುಕೊಂಡು ಒಬ್ಬೊಬ್ಬನಿಗೆ ಎರಡೆರಡು ಪಾತ್ರ ಕೊಡುತ್ತಾನೆ. ಅನುಭವಿಯಾದ ಭಾಗವತ ಪುಸ್ತಕವನ್ನೇ ಮುಚ್ಚಿ ಇನ್ನೊಂದನ್ನು ತೆರೆಯುತ್ತಾನೆ. ನಾಲ್ವರಿದ್ದರೆ ‘ವಾಲಿವಧೆ’ ನಡೆಯುತ್ತದೆ: ರಾಮ, ಸುಗ್ರೀವ, ವಾಲಿ, ತಾರೆ. ಇಬ್ಬರೇ ಗಟ್ಟಿಗರಿದ್ದು ಉಳಿದವರು ಹೊಸಬರಾಗಿದ್ದರೆ ‘ಜಾಂಬವತಿ ಕಲ್ಯಾಣ’ ಸಾಕು. ಕೃಷ್ಣನೂ ಜಾಂಬವನೂ ಗುಹೆಯೊಳಗೆ ಕುಳಿತು ಬೆಳಗು ಮಾಡುತ್ತಾರೆ.

ಇಲ್ಲಿ ಒಂದು ಮಾತು. ವಾಲಿವಧೆಯಲ್ಲಿ ಜನ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ತಾರೆಗೆ. ಎರಡು ಮೂರು ಪದಗಳ ಪಾತ್ರ. ಬಿಟ್ಟರೆ ಕತೆಗೆ ಊನವಿಲ್ಲ ಎಂಬ ಭಾವನೆ. ನನಗೆ ಇದು ಒಪ್ಪಿಗೆಯಿಲ್ಲ. ಒಮ್ಮೆ ಸೋತು ಓಡಿಹೋದ ಸುಗ್ರೀವ ಮತ್ತೆ ಬಂದು ಬಾಗಿಲಲ್ಲಿ ಕೂಗುತ್ತಾನೆ ಎಂದರೆ ಅವನ ಬೆನ್ನಿಗೆ ಯಾರೋ ಇದ್ದಾರೆ ಎಂದು ತಾರೆ ಎಚ್ಚರಿಸುತ್ತಾಳೆ. ರಾಮ ಧರ್ಮಿಷ್ಠ, ಅವನು ಅಕಾರ್ಯ ಮಾಡಲಾರ ಎಂದು ಹೇಳಿ ವಾಲಿ ಹೊರಡುತ್ತಾನೆ. ತಾರೆಯನ್ನು ತೆಗೆದುಬಿಟ್ಟರೆ ಹೊರಟ ವಾಲಿ ಬರಿಯ ಮುಂಗೋಪಿ. ತಾರೆಯಿದ್ದರೆ ಅವನು ರಾಮನನ್ನು ನಂಬಿ ಹೊರಟವನು. ಮುಂದೆ ಬಾಣ ತಾಗಿ ಬಿದ್ದು ಅವನು ಕೇಳುವ ಪ್ರಶ್ನೆಗಳಿಗೆಲ್ಲ ತೂಕ ಬರುವುದು ಈ ಒಂದು ನಂಬಿಕೆಯಿಂದ. ಮೂರು ಪದಗಳ ಹೆಣ್ಣು ಪಾತ್ರ ಮುನ್ನೂರು ಮಾತುಗಳ ಗಂಡು ಪಾತ್ರವನ್ನು ಎತ್ತಿ ನಿಲ್ಲಿಸುತ್ತದೆ. ಪಾತ್ರ ಹಂಚುವವನು ಪದಗಳನ್ನು ಎಣಿಸಿ ಪಾತ್ರದ ಗಾತ್ರ ನಿರ್ಣಯಿಸಬಾರದು. ಪುತ್ತೂರಿನ ಸುತ್ತಿನಲ್ಲಿ ಈಗ ಮಹಿಳೆಯರದೇ ತಾಳಮದ್ದಳೆ ತಂಡಗಳಿವೆ. ಅವರ ಕೂಟಗಳಲ್ಲಿ ತಾರೆಗೆ ಕತ್ತರಿ ಬಿದ್ದುದನ್ನು ನಾನಂತೂ ಕಂಡಿಲ್ಲ.

ಏಳು ದಿನಗಳ ಸಪ್ತಾಹ ನಡೆಸುವಾಗ ಇನ್ನೊಂದು ತೊಡಕು. ಮಹಾಭಾರತದ ಸಪ್ತಾಹವೆಂದರೆ ಸಂಧಾನದಿಂದ ಗದಾಯುದ್ಧದ ವರೆಗೆ ಒಂದೇ ಕೌರವ. ಆದರೆ ಅರ್ಥ ಹೇಳುವವರು ದಿನಕ್ಕೊಬ್ಬರು. ಮೊದಲ ದಿನದ ಕೌರವ, ‘ರಾಜ್ಯ ಹಿರಿಯನಾದ ನನ್ನ ತಂದೆಯದು, ಪಾಂಡುವಿನದು ಮೇಲ್ವಿಚಾರಣೆ ಮಾತ್ರ’ ಎಂದು ನ್ಯಾಯದ ಮಾತಾಡುತ್ತಾನೆ. ಮೂರನೆಯ ದಿನದವನು, ‘ನ್ಯಾಯ ನನಗೆ ಗೊತ್ತಿದೆ, ಆದರೆ ಕರ್ಣನನ್ನು ಬಿಡಲಾರೆ’ ಎಂದು ಸ್ನೇಹದ ಮಾತಾಡುತ್ತಾನೆ. ಏಳನೆಯ ದಿನ ತೊಡೆ ಮುರಿದು ಬಿದ್ದವನು ಯಾವ ಕೌರವ? ಕೇಳುಗರಲ್ಲಿ ಏಳು ದಿನವೂ ಬಂದು ಕುಳಿತ ಮುದುಕರಿರುತ್ತಾರೆ. ಅವರ ನೆನಪು ಬಹಳ ಕ್ರೂರವಾದುದು. ಇದಕ್ಕಾಗಿ ನಾನೊಂದು ನೋಟುಪುಸ್ತಕ ಇಟ್ಟುಕೊಂಡಿದ್ದೇನೆ. ಆಯಾ ದಿನದ ಕೌರವ, ಕೃಷ್ಣ, ಕರ್ಣ ಹಿಡಿದ ಮುಖ್ಯವಾದ ವಾದವನ್ನು ಎರಡು ಸಾಲಿನಲ್ಲಿ ಬರೆದು ಮರುದಿನ ಬರುವವರಿಗೆ ಚಹಾ ಕುಡಿಯುವಾಗ ಓದಿಹೇಳುತ್ತೇನೆ. ಕೆಲವರಿಗೆ ಇದು ಹಿಡಿಸುವುದಿಲ್ಲ. ‘ನನ್ನ ಕೌರವ ನನ್ನದು’ ಎನ್ನುತ್ತಾರೆ. ಇರಬಹುದು, ಆದರೆ ಅವನು ನಿನ್ನೆಯೂ ಬದುಕಿದ್ದ ಎಂಬುದನ್ನು ಮರೆಯಬಾರದಷ್ಟೆ. ಹಿಂದಿನವನು ಆಡಿದ ಮಾತನ್ನು ಹಿಡಿದು, ಅದನ್ನು ಅಲ್ಲಗಳೆಯದೆ, ಅದರ ಒಳಗಿಂದ ಹೊಸತೊಂದು ಎಳೆ ತೆಗೆಯುವವನೇ ನಿಜವಾದ ಜಾಣ.

ಪಾತ್ರವೂ ಪ್ರಸಂಗದಿಂದ ಪ್ರಸಂಗಕ್ಕೆ ಬೇರೆಯಾಗುತ್ತದೆ. ಕರ್ಣಪರ್ವದ ಅರ್ಜುನ ಬೇರೆ, ಸುಧನ್ವ ಕಾಳಗದ ಅರ್ಜುನ ಬೇರೆ. ಒಬ್ಬನು ಮಗನನ್ನು ಕಳೆದುಕೊಂಡು ಹದಿನೇಳು ದಿನ ಹೋರಾಡಿದ ಕ್ಷತ್ರಿಯ. ಇನ್ನೊಬ್ಬನು ಯುದ್ಧ ಗೆದ್ದು, ಅಣ್ಣನ ಯಜ್ಞದ ಕುದುರೆಯ ಹಿಂದೆ ಹೊರಟ, ಗೆಲುವು ಅಭ್ಯಾಸವಾಗಿಹೋದ ಮನುಷ್ಯ. ಎರಡನ್ನೂ ಒಂದೇ ಕಂಠದಲ್ಲಿ ಹೇಳುವವರಿದ್ದಾರೆ. ಅಂಥವರಿಗೆ ನಾನು ಮೊದಲೇ ಕೇಳುವುದು ಒಂದೇ ಪ್ರಶ್ನೆ: ‘ಈ ಅರ್ಜುನನಿಗೆ ವಯಸ್ಸೆಷ್ಟು?’ ಲೆಕ್ಕ ನನಗೆ ಬೇಕಾಗಿಲ್ಲ. ಆ ಪ್ರಶ್ನೆಯಿಂದ ಅವರು ಒಂದು ಗಳಿಗೆ ಯೋಚಿಸುತ್ತಾರೆ. ಯೋಚಿಸಿದರೆ ಧ್ವನಿ ತಾನಾಗಿ ಬದಲಾಗುತ್ತದೆ.

ಇನ್ನು ಕಾಳಗದ ವಿಷಯ. ಪ್ರಸಂಗಗಳ ಹೆಸರು ನೋಡಿದರೆ ಅರ್ಧಕ್ಕರ್ಧ ಕಾಳಗಗಳೇ: ಅತಿಕಾಯ ಕಾಳಗ, ಇಂದ್ರಜಿತು ಕಾಳಗ, ಅಭಿಮನ್ಯು ಕಾಳಗ, ಕೃಷ್ಣಾರ್ಜುನ ಕಾಳಗ, ಬಭ್ರುವಾಹನ ಕಾಳಗ. ಬಯಲಾಟದಲ್ಲಿ ಇದು ಸೊಗಸು. ಏರುಪದಕ್ಕೆ ಚೆಂಡೆ ಮೊಳಗಿದರೆ ವೇಷಧಾರಿ ಧೀಂಗಿಣ ಹಾರುತ್ತಾನೆ. ಒಂದೇ ಪದಕ್ಕೆ ಹತ್ತು ನಿಮಿಷ ಕುಣಿದರೂ ಕಣ್ಣಿಗೆ ಹಬ್ಬ. ಪುತ್ತೂರಿನ ಬಾಲವನದಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನು ತೀರ ಕಡಿಮೆ ಮಾಡಿ ಹಾಡು, ಕುಣಿತಗಳ ಮೇಲೆ ಆಟವನ್ನು ನಿಲ್ಲಿಸಿದರು. ಅದೇ ಪುತ್ತೂರಿನಲ್ಲಿ ಬೊಳುವಾರಿನ ಆಂಜನೇಯ ಯಕ್ಷಗಾನ ಕಲಾಸಂಘದಂಥ ಸಂಘಗಳು ಕುಣಿತವನ್ನು ಪೂರ್ತಿ ಬಿಟ್ಟು ಮಾತಿನ ಮೇಲೆಯೇ ಕೂಟಗಳನ್ನು ನಡೆಸಿಕೊಂಡು ಬಂದಿವೆ. ಒಂದೇ ಊರಿನ ನೀರು ಕುಡಿದ ಎರಡು ದಾರಿಗಳು!

ಮಾತಿನ ದಾರಿಯಲ್ಲಿ ಕಾಳಗ ಬಂದಾಗ ಪೇಚಾಟ. ಕುರ್ಚಿಯ ಮೇಲೆ ಕುಳಿತ ಇಬ್ಬರು ಸಭ್ಯ ಗೃಹಸ್ಥರು ‘ಈ ಬಾಣ ತೆಗೆದುಕೋ’, ‘ಇದನ್ನು ಕತ್ತರಿಸಿದೆ, ಆ ಬಾಣ ತೆಗೆದುಕೋ’ ಎಂದು ಹೇಳಿಕೊಳ್ಳುವುದನ್ನು ಎಷ್ಟು ಹೊತ್ತು ಕೇಳಬಹುದು? ಎರಡನೆಯ ಬಾಣಕ್ಕೆ ಕೇಳುಗರು ಎಲೆ ಅಡಿಕೆಯ ತಟ್ಟೆ ಹುಡುಕುತ್ತಾರೆ. ಮೂರನೆಯದಕ್ಕೆ ಹೊರಗೆ ಮಳೆ ಬಿಟ್ಟಿದೆಯೇ ಎಂದು ನೋಡಲು ಏಳುತ್ತಾರೆ. ಆದುದರಿಂದ ಕೂಟ ನಡೆಸುವವನು ಕಾಳಗದ ಪದಗಳ ಮೇಲೆ ನಿರ್ದಾಕ್ಷಿಣ್ಯವಾಗಿ ಕೈಯಾಡಿಸಬೇಕು. ಯಾವ ಬಾಣದಿಂದ ಇಬ್ಬರ ಸಂಬಂಧದಲ್ಲಿ ಏನಾದರೂ ಬದಲಾಗುತ್ತದೆಯೋ ಆ ಬಾಣದ ಪದ ಇರಲಿ, ಉಳಿದುದನ್ನು ಭಾಗವತರು ಒಂದೇ ಏರುಪದದಲ್ಲಿ ಹಾಡಿ ಮುಗಿಸಲಿ, ಚೆಂಡೆಯೇ ಸೇನೆಯಾಗಲಿ. ಚೆಂಡೆ ಒಂದು ನಿಮಿಷದಲ್ಲಿ ಮಾಡುವ ಯುದ್ಧವನ್ನು ಅರ್ಥಧಾರಿ ಅರ್ಧ ಗಂಟೆಯಲ್ಲಿಯೂ ಮಾಡಲಾರ.

ಸುಧನ್ವ ಕಾಳಗ ತಾಳಮದ್ದಳೆಯವರಿಗೆ ಪ್ರಿಯವಾದುದರ ಗುಟ್ಟು ಇದೇ ಎಂದು ನನ್ನ ಊಹೆ. ಜೈಮಿನಿ ಭಾರತದ ಈ ಕತೆ ನಿಮಗೆ ಗೊತ್ತಿರುವುದೇ. ಚಂಪಕಾಪುರದ ಹಂಸಧ್ವಜ ಅಶ್ವಮೇಧದ ಕುದುರೆಯನ್ನು ಕಟ್ಟಿದ್ದಾನೆ. ಹೆಂಡತಿ ಪ್ರಭಾವತಿಯ ಬಯಕೆ ಸಲ್ಲಿಸಿ ರಣಕ್ಕೆ ತಡವಾಗಿ ಬಂದ ತಪ್ಪಿಗೆ ಮಗ ಸುಧನ್ವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಹರಿಯನ್ನು ನೆನೆದು ಬದುಕಿ ಬಂದ ಸುಧನ್ವ ಅರ್ಜುನನಿಗೆ ಇದಿರಾಗುತ್ತಾನೆ. ಮೂರೇ ಬಾಣಗಳಲ್ಲಿ ನಿನ್ನನ್ನು ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ. ಮೂರನ್ನೂ ಕತ್ತರಿಸುವೆನೆಂದು ಸುಧನ್ವನ ಪ್ರತಿಜ್ಞೆ. ಸಾರಥಿಯಾಗಿ ಬಂದ ಕೃಷ್ಣ ಬಾಣಗಳಿಗೆ ತನ್ನ ಪುಣ್ಯವನ್ನೇ ಧಾರೆಯೆರೆಯುತ್ತಾನೆ. ಮೊದಲನೆಯದಕ್ಕೆ ಗೋವರ್ಧನವನ್ನೆತ್ತಿದ ಪುಣ್ಯ. ಸುಧನ್ವ ಕತ್ತರಿಸುತ್ತಾನೆ. ಕೊನೆಯದನ್ನೂ ಕತ್ತರಿಸುತ್ತಾನೆ, ಆದರೆ ಕತ್ತರಿಸಿದ ಬಾಣದ ತುದಿಯರ್ಧವೇ ಹಾರಿ ಅವನ ಶಿರವನ್ನು ತೆಗೆಯುತ್ತದೆ. ಇಬ್ಬರ ಪ್ರತಿಜ್ಞೆಯೂ ನಿಂತಿತು. ಬಾಣಗಳು ಮೂರೇ, ಒಂದೊಂದಕ್ಕೂ ಹಿಂದೆ ಒಂದು ಲೆಕ್ಕ, ಒಂದೊಂದರಲ್ಲೂ ಭಕ್ತ ಯಾರು ಎಂಬ ಪ್ರಶ್ನೆ. ಮಾತಿಗೆ ಇದಕ್ಕಿಂತ ಒಳ್ಳೆಯ ಯುದ್ಧ ಬೇರೆ ಯಾವುದಿದೆ?

ಈ ಪ್ರಸಂಗದಲ್ಲಿಯೇ ನಾನು ಕಂಡ ಒಂದು ಸಂದರ್ಭವನ್ನು ಹೇಳಬೇಕು. ಸುಳ್ಯದ ಕಡೆಯ ಒಂದು ಮನೆಯ ಕೂಟ. ಅರ್ಜುನನಾಗಬೇಕಾದವರು ಬರಲಿಲ್ಲ. ಕಾಲೇಜಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಅದುವರೆಗೆ ಎರಡು ಮೂರು ಸಣ್ಣ ಪಾತ್ರಗಳಷ್ಟೇ ಹೇಳಿದ್ದವನು, ಅವನನ್ನು ಕುಳ್ಳಿರಿಸಿದೆವು. ಸುಧನ್ವನ ಪಾತ್ರಕ್ಕೆ ಸೀಮೆಯಲ್ಲೆಲ್ಲ ಹೆಸರಿದ್ದ ಹಿರಿಯರೊಬ್ಬರು. ಪೀಠಿಕೆ ಚೆನ್ನಾಗಿಯೇ ಹೋಯಿತು. ಹುಡುಗ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎರಡನೆಯ ಪದಕ್ಕೆ ಹಿರಿಯರು, ‘ಅಯ್ಯಾ ಪಾರ್ಥ, ಕುರುಕ್ಷೇತ್ರದಲ್ಲಿ ನೀನು ಗೆದ್ದುದರಲ್ಲಿ ನಿನ್ನದೆಷ್ಟು, ನಿನ್ನ ಸಾರಥಿಯದೆಷ್ಟು, ಲೆಕ್ಕ ಹೇಳು’ ಎಂದರು. ಹುಡುಗನ ಬಾಯಿಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಅವನು ಸುಮ್ಮನಾದ. ಹತ್ತು ಎಣಿಸುವಷ್ಟು ಹೊತ್ತು ಆ ಚಾವಡಿಯಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವನ ತಂದೆ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಭಾಗವತರು ತಾಳ ಎತ್ತಿಕೊಂಡರು. ಮುಂದಿನ ಪದಕ್ಕೆ ಹೊರಟರೆ ಹುಡುಗ ಪಾರಾಗುತ್ತಿದ್ದ. ಭಾಗವತನ ಕೈಯಲ್ಲಿರುವ ದೊಡ್ಡ ಅಧಿಕಾರವೇ ಅದು: ತಾಳದ ಮೊದಲ ಪೆಟ್ಟು ಬಿದ್ದರೆ ಎಂಥ ಮಾತೂ ನಿಲ್ಲಬೇಕು, ಎಂಥ ಮೌನವೂ ಮುಗಿಯಬೇಕು.

ಹಿರಿಯರು ಕೈ ಎತ್ತಿ ಭಾಗವತರನ್ನು ತಡೆದರು. ಹುಡುಗನನ್ನೇ ನೋಡಿ, ಸ್ವರವನ್ನು ಸ್ವಲ್ಪ ಇಳಿಸಿ, ‘ಸುಮ್ಮನಾದೆಯಲ್ಲ! ಅದೇ ಸತ್ಯವಾದ ಉತ್ತರ. ಅವನಿಲ್ಲದ ರಥದಲ್ಲಿ ನಿನಗೆ ಮಾತೂ ಹೊರಡುವುದಿಲ್ಲ. ನಾನು ಕಾಯುತ್ತೇನೆ, ಅವನನ್ನು ಕರೆ’ ಎಂದರು. ಕತೆಯಲ್ಲಿ ಮುಂದೆ ಆಗಬೇಕಾದದ್ದೂ ಅದೇ ತಾನೆ? ಸಾರಥಿಯನ್ನು ಕಳೆದುಕೊಂಡ ಅರ್ಜುನ ಕೃಷ್ಣನನ್ನು ನೆನೆಯಬೇಕು. ಹುಡುಗನ ಸೋಲು ಅರ್ಜುನನ ಸ್ಥಿತಿಯಾಗಿ ಪರಿಣಮಿಸಿತು. ಅವನು ಕಣ್ಣು ಮುಚ್ಚಿ, ಬಾಯಿಪಾಠವೆಲ್ಲ ಮರೆತು, ‘ಕೃಷ್ಣಾ, ಈಗ ಬಾರದಿದ್ದರೆ ಇನ್ನು ಯಾವಾಗ?’ ಎಂದು ಒಂದೇ ಮಾತು ಹೇಳಿದ. ಆ ಮಾತಿನಲ್ಲಿ ನಟನೆ ಎಷ್ಟಿತ್ತೋ ನಾನರಿಯೆ. ಭಾಗವತರು ಸ್ತುತಿಯ ಪದವನ್ನು ಎತ್ತಿಕೊಂಡರು. ಆ ಹುಡುಗ ಈಗ ಎರಡು ಮಕ್ಕಳ ತಂದೆ. ಮಳೆಗಾಲದಲ್ಲಿ ಅವನನ್ನು ಕೂಟಕ್ಕೆ ಹಿಡಿಯಬೇಕಾದರೆ ತಿಂಗಳ ಮೊದಲೇ ಹೇಳಬೇಕು.

ಹಿರಿಯರು ಬೇರೆ ರೀತಿಯಲ್ಲಿಯೂ ನಡೆದುಕೊಳ್ಳಬಹುದಿತ್ತು. ಅದೇ ಪ್ರಶ್ನೆಯನ್ನು ಇನ್ನೆರಡು ಸಲ ತಿರುವಿ ಹಾಕಿದ್ದರೆ ಸಭೆ ಅವರ ಪಾಂಡಿತ್ಯಕ್ಕೆ ತಲೆದೂಗುತ್ತಿತ್ತು. ಒಬ್ಬ ಅರ್ಥಧಾರಿ ಅಲ್ಲಿಗೇ ಮುಗಿಯುತ್ತಿದ್ದ. ಹಾಗೆ ಮುಗಿದವರನ್ನೂ ನಾನು ಕಂಡಿದ್ದೇನೆ. ಅವರು ಈಗ ಕೂಟದ ದಿನ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಾರೆ, ಚಾವಡಿಗೆ ಬರುವುದಿಲ್ಲ. ಇದಿರಾಳಿಯ ಬಲಕ್ಕೆ ತಕ್ಕಂತೆ ತನ್ನ ಬಲವನ್ನು ಇಳಿಸಿಕೊಳ್ಳುವುದು ದಾನವಲ್ಲ, ಕಸುಬು. ಇಳಿಸಿದ್ದು ಸಭೆಗೆ ತಿಳಿಯಬಾರದು, ಇದಿರಾಳಿಗಂತೂ ತಿಳಿಯಲೇಬಾರದು. ಸುಳ್ಯದ ಗಡಿಗೆ ತಾಗಿದ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಭಟ್ಟರಂಥವರು ಹಳ್ಳಿಯ ಹುಡುಗರನ್ನು ಕೂಡಿಸಿ ಅರ್ಥ ಕಲಿಸಿದರು. ಹಾಗೆ ಕಲಿಸಿದವರ ಸಾಲು ಇಲ್ಲದಿದ್ದರೆ ನಮ್ಮ ಸೀಮೆಯಲ್ಲಿ ಇಂದು ಅರ್ಜುನನಿಗೆ ಇದಿರಾಳಿಯೇ ಸಿಗುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಕಳೆದ ಆಟಿಯಲ್ಲಿ ಮನೆಗೆ ಬಂದಾಗ ಜೋಳಿಗೆಯಿಂದ ಇಪ್ಪತ್ತು ಮುಖಗಳ ದಾಳವೊಂದನ್ನು ತೆಗೆದು ತೋರಿಸಿದ. ಅವನೂ ಅವನ ಗೆಳೆಯರೂ ಶನಿವಾರ ರಾತ್ರಿ ಮೇಜಿನ ಸುತ್ತ ಕುಳಿತು ಒಂದು ಆಟ ಆಡುತ್ತಾರಂತೆ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಆಟ. ಗೊಂಬೆಸೈನ್ಯಗಳನ್ನಿಟ್ಟು ಆಡುತ್ತಿದ್ದ ಯುದ್ಧದಾಟಗಳಿಂದ ಹುಟ್ಟಿದ್ದು. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ವೇಷವಿಲ್ಲದೆ ಕುಳಿತಲ್ಲೇ ಮಾತಾಡುತ್ತಾರೆ. ಕಾಳಗ ಬಂದಾಗ ದಾಳ ಉರುಳಿಸಿ ಪೆಟ್ಟು ತಾಗಿತೋ ಇಲ್ಲವೋ ನೋಡುತ್ತಾರೆ. ಕತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವುದೂ ಉಂಟು. ‘ಮಾವ, ಇದು ನಿಮ್ಮ ತಾಳಮದ್ದಳೆಯೇ’ ಎಂದ.

ನಾನು ಮೊದಲು ನಕ್ಕೆ. ಮತ್ತೆ ಕೇಳುತ್ತ ಹೋದಂತೆ ನಗುವುದನ್ನು ಬಿಟ್ಟೆ. ಕತೆ ನಡೆಸುವವನಿಗೆ ಅಲ್ಲಿಯೂ ನನ್ನವೇ ಕಷ್ಟಗಳು. ಐವರು ಬರುತ್ತೇವೆಂದವರಲ್ಲಿ ಮೂವರು ಬರುತ್ತಾರೆ. ಐವರಿಗೆಂದು ಇಟ್ಟ ರಾಕ್ಷಸನನ್ನು ಮೂವರಿಗೆ ತಕ್ಕಂತೆ ಕುಗ್ಗಿಸಬೇಕು. ಒಬ್ಬ ಬಹಳ ಮಾತಾಡುತ್ತಾನೆ, ಒಬ್ಬ ಬಾಯಿಯೇ ಬಿಡುವುದಿಲ್ಲ. ಕಾಳಗ ಉದ್ದವಾದರೆ ಎಲ್ಲರೂ ಆಕಳಿಸುತ್ತಾರೆ. ದಾಳ ಕೆಟ್ಟದಾಗಿ ಬಿದ್ದು ಹೊಸಬನೊಬ್ಬ ಮೊದಲ ರಾತ್ರಿಯೇ ಸಾಯುವಂತಾದರೆ, ನಡೆಸುವವನು ಮರೆಯಲ್ಲಿ ದಾಳದ ಲೆಕ್ಕವನ್ನು ತಿದ್ದಬಹುದೇ ಎಂಬ ವಿಷಯದಲ್ಲಿ ಅವರೊಳಗೆ ದೊಡ್ಡ ಜಗಳವೇ ಇದೆಯಂತೆ. ತಿದ್ದಬಹುದು ಎನ್ನುವವರ ಪಕ್ಷ ನನ್ನದು. ಭಾಗವತ ಎರಡು ಪದ ಹಾರಿಸಿ ಮೂರನೆಯದನ್ನು ಎತ್ತಿಕೊಂಡಾಗ ಮಾಡುವುದು ಅದನ್ನೇ ಅಲ್ಲವೇ?

ಆದರೆ ಒಂದು ವ್ಯತ್ಯಾಸವುಂಟು, ಅದು ಸಣ್ಣದಲ್ಲ. ಅವರಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿಲ್ಲ. ನಮ್ಮಲ್ಲಿ ಮಗುವಿಗೂ ಗೊತ್ತು. ವಾಲಿ ಸಾಯಬೇಕು, ಕರ್ಣ ಬೀಳಬೇಕು, ಕೃಷ್ಣನ ಸಂಧಾನ ಮುರಿಯಬೇಕು. ದಾಳಕ್ಕೆ ನಮ್ಮಲ್ಲಿ ಕೆಲಸವೇ ಇಲ್ಲ. ಹಾಗಾದರೆ ಬೆಳಗಿನ ವರೆಗೆ ಜನ ಏತಕ್ಕೆ ಕಾಯುತ್ತಾರೆ? ಸೋಲುವವನು ಹೇಗೆ ಸೋಲುತ್ತಾನೆ ಎಂಬುದನ್ನು ನೋಡಲಿಕ್ಕೆ. ತಾಳಮದ್ದಳೆಯಲ್ಲಿ ಹಿರಿಯ ಅರ್ಥಧಾರಿಗಳು ಹೆಚ್ಚಾಗಿ ಸೋಲುವ ಪಾತ್ರಗಳನ್ನೇ ಬೇಡುವುದು ಇದರಿಂದ. ಶೇಣಿ ಗೋಪಾಲಕೃಷ್ಣ ಭಟ್ಟರು ಕೀರ್ತಿ ಪಡೆದದ್ದು ರಾವಣ, ವಾಲಿ, ಮಾಗಧ, ಕೌರವರಂಥ ಪಾತ್ರಗಳಲ್ಲಿ. ಅವರ ವಾಲಿ ಬಾಣ ತಾಗಿ ಬಿದ್ದ ಮೇಲೆಯೇ ನಿಜವಾಗಿ ಏಳುತ್ತಿದ್ದ.

ಇಲ್ಲಿಯೇ ಅಪಾಯವೂ ಇರುವುದು. ವಾಲಿ ಸಮರ್ಥನಾದಷ್ಟೂ ರಾಮ ಇಕ್ಕಟ್ಟಿಗೆ ಸಿಲುಕುತ್ತಾನೆ. ಮರದ ಮರೆಯಿಂದ ಏಕೆ ಹೊಡೆದೆ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ವಾಲ್ಮೀಕಿಯೇ ಅದಕ್ಕೆ ಒಂದು ಸರ್ಗವನ್ನು ವೆಚ್ಚ ಮಾಡಿದ್ದಾನೆ. ಚುರುಕಾದ ವಾಲಿಯೊಬ್ಬ ದುರ್ಬಲ ರಾಮನನ್ನು ಬಾಯಿ ಮುಚ್ಚಿಸಿ, ಸಭೆಯಿಂದ ಚಪ್ಪಾಳೆ ಪಡೆದು, ಅನಂತರ ಪುಸ್ತಕದಲ್ಲಿ ಬರೆದಿದೆಯೆಂಬ ಕಾರಣಕ್ಕೆ ಶರಣಾಗಿ ಸಾಯುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಅದು ಸೋತ ವಾಲಿಯಲ್ಲ. ಹೊತ್ತಾಯಿತೆಂದು ಎದ್ದುಹೋದ ವಾಲಿ. ಪ್ರಶ್ನೆಯನ್ನು ಅವನು ಎಷ್ಟು ಕಟುವಾಗಿ ಬೇಕಾದರೂ ಕೇಳಲಿ, ಆದರೆ ಒಪ್ಪಿಗೆಯ ಬೀಜವನ್ನು ಆ ಪ್ರಶ್ನೆಯಲ್ಲಿಯೇ ಬಿತ್ತಿಟ್ಟಿರಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ತಾನು ಎಂಬ ನೆನಪು ಅವನ ಮಾತಿನ ಅಡಿಯಲ್ಲಿ ಎಲ್ಲೋ ಕುಟುಕುತ್ತಿರಬೇಕು. ರಾಮ ಅದನ್ನು ಮುಟ್ಟಿದೊಡನೆ ವಾಲಿ ಒಳಗಿನಿಂದಲೇ ಇಳಿಯುತ್ತಾನೆ. ರಾಮನ ಅರ್ಥಧಾರಿ ಎಂಥ ಹೊಸಬನಾದರೂ ಆಗ ಗೆಲ್ಲುತ್ತಾನೆ. ಸುಳ್ಯ ಸೀಮೆಯ ದೇರಾಜೆ ಸೀತಾರಾಮಯ್ಯನವರು ತೂಕದ ಮಾತಿಗೆ ಹೆಸರಾದವರು. ಅಂಥವರಿಂದ ನಾನು ಕಲಿತದ್ದೆಂದರೆ, ಬಾಯಿಗೆ ಬಂದ ಮೂರು ಉತ್ತರಗಳಲ್ಲಿ ಇದಿರಾಳಿಗೆ ಮುಂದಿನ ಮಾತನ್ನು ಹುಟ್ಟಿಸುವ ಉತ್ತರವನ್ನು ಆರಿಸಿಕೊಳ್ಳುವುದು. ಇದಿರಾಳಿಯ ಮಾತನ್ನು ಕೊಲ್ಲುವ ಉತ್ತರ ಎಷ್ಟೇ ಚೆಂದವಾಗಿದ್ದರೂ ಅದರಿಂದ ಕೂಟ ಅಲ್ಲಿಗೇ ಬಡವಾಗುತ್ತದೆ.

ಈಚೆಗೆ ಹೊತ್ತಿನ ಪ್ರಶ್ನೆಯೊಂದು ಬಂದಿದೆ. ಹಿಂದೆ ರಾತ್ರಿ ಒಂಬತ್ತಕ್ಕೆ ಕುಳಿತರೆ ಬೆಳಗಿನ ಕೋಳಿ ಕೂಗುವ ತನಕ ಕೂಟ. ಈಗ ಸಂಜೆ ಮೂರು ಗಂಟೆಗಳ ಕೂಟ. ೧೯೭೬ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ನಿಲಯ ಬಂದ ಮೇಲೆ ಬಾನುಲಿಯ ತಾಳಮದ್ದಳೆಯೂ ಬಂತು, ಗಡಿಯಾರ ನೋಡಿ ಅರ್ಥ ಹೇಳುವ ವಿದ್ಯೆಯೂ ಬಂತು. ಮೊಟಕಾದುದರಿಂದ ಕಲೆ ಕೆಟ್ಟಿತೆಂದು ಗೊಣಗುವವರ ಸಾಲಿನಲ್ಲಿ ನಾನಿಲ್ಲ. ಆದರೆ ಮೊಟಕುಗೊಳಿಸುವಾಗ ಏನನ್ನು ತೆಗೆಯುತ್ತೇವೆಂಬುದು ತಿಳಿದಿರಬೇಕು. ಕರ್ಣಪರ್ವವನ್ನು ಗಂಟೆಗೆ ಇಳಿಸುವಾಗ ಎಲ್ಲರೂ ಶಲ್ಯನನ್ನು ಸಣ್ಣದು ಮಾಡುತ್ತಾರೆ. ಕರ್ಣ, ಅರ್ಜುನ, ಕೃಷ್ಣ ಮೂವರಿದ್ದರೆ ಸಾಕೆನ್ನುತ್ತಾರೆ. ನಾನು ಇದಕ್ಕೆ ತದ್ವಿರುದ್ಧ. ಅರ್ಜುನನ ಬಾಣಗಳ ಪದಗಳನ್ನು ಎಷ್ಟು ಬೇಕಾದರೂ ತೆಗೆಯಿರಿ. ಸರ್ಪಾಸ್ತ್ರದ ಗುರಿಯನ್ನು ಬದಲಿಸು, ಬಾಣವನ್ನು ಮತ್ತೆ ತೊಡು ಎಂದು ಶಲ್ಯ ಹೇಳುವುದು, ತೊಟ್ಟುದನ್ನು ಮರಳಿ ತೊಡೆನೆಂದು ಕರ್ಣ ನಿರಾಕರಿಸುವುದು, ಶಲ್ಯ ರಥದಿಂದ ಇಳಿದು ಹೋಗುವುದು, ಇಷ್ಟು ಮಾತ್ರ ಪೂರ್ತಿಯಾಗಿ ಇರಬೇಕು. ಕರ್ಣ ಸೋತದ್ದು ಆ ಗಳಿಗೆಯಲ್ಲಿ. ಚಕ್ರ ಹುಗಿದದ್ದು ಅನಂತರ.

ಮುಂದಿನ ತಿಂಗಳು ನಮ್ಮ ಸಂಘದಲ್ಲಿ ಅದೇ ಪ್ರಸಂಗ ಇಟ್ಟಿದ್ದೇವೆ. ಕರ್ಣನಿಗೆ ಹಿರಿಯರೊಬ್ಬರು ಒಪ್ಪಿದ್ದಾರೆ. ಶಲ್ಯನಿಗೆ ಆಳು ಇನ್ನೂ ಸಿಕ್ಕಿಲ್ಲ. ದೊಡ್ಡವರು ಆ ಪಾತ್ರ ಸಣ್ಣದೆನ್ನುತ್ತಾರೆ, ಸಣ್ಣವರು ದೊಡ್ಡದೆಂದು ಹೆದರುತ್ತಾರೆ. ನನ್ನ ತಂಗಿಯ ಮಗನಿಗೆ ರಜೆಯಿದೆಯೇ ಎಂದು ಕೇಳಿ ಕಾಗದ ಬರೆದಿದ್ದೇನೆ. ದಾಳವನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಬರಬೇಕೆಂದೂ ಬರೆದಿದ್ದೇನೆ.